ಅಂಕೆ ‘ಹತ್ತಿರ’ ಬಂದರೆ ಬಹುಮಾನ ಉಂಟೇ? ಲಾಟರಿ ಡ್ರಾದಲ್ಲಿ ಸಂಖ್ಯೆ ಹೊಂದುವ ಬಗೆ

ಕೋಡಿಬಾಗದವ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರು ಬೋಟಿನ ಎಂಜಿನ್ ದುರಸ್ತಿಯ ಕೆಲಸಕ್ಕೆಂದು ಕಾಸರಗೋಡಿಗೆ ಹೋಗಿದ್ದವರು ಬರುವಾಗ ಕೇರಳ ಸರ್ಕಾರದ ವಾರದ ಲಾಟರಿಯ ಎರಡು ಟಿಕೆಟ್‌ಗಳನ್ನು ತಂದಿದ್ದಾರೆ. ಫಲಿತಾಂಶದ ಪಟ್ಟಿ ನೋಡಿದ ಮೇಲೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ನಿಜವಾದ ಸಂಖ್ಯೆಯನ್ನು ಇಲ್ಲಿ ಹಾಕುವುದು ಬೇಡವೆಂದು ಅಂಕೆಗಳನ್ನು ಬದಲಿಸಿ ಹೇಳುತ್ತೇನೆ. ಮೊದಲ ಬಹುಮಾನ ಬಂದದ್ದು 582617ಕ್ಕೆ, ಭಾವನವರ ಒಂದು ಟಿಕೆಟ್‌ನಲ್ಲಿರುವುದು 582671. ಆರಕ್ಕೆ ಆರೂ ಅಂಕೆಗಳಿವೆ, ಕೊನೆಯ ಎರಡು ಮಾತ್ರ ಅದಲುಬದಲಾಗಿವೆ. ವಿದೇಶದ ಲಾಟರಿಗಳಲ್ಲಿ ಸಂಖ್ಯೆಗಳು ಯಾವ ಕ್ರಮದಲ್ಲಿ ಬಂದರೂ ನಡೆಯುತ್ತದೆ ಎಂದು ದುಬೈಯಲ್ಲಿರುವ ನೆಂಟರೊಬ್ಬರು ಹೇಳಿದ್ದರಿಂದ ಭಾವನವರಿಗೆ ಆಸೆ ಹುಟ್ಟಿದೆ. ಇನ್ನೊಂದು ಟಿಕೆಟ್‌ನ ಸಂಖ್ಯೆ ಮೊದಲ ಮೂರು ಬಹುಮಾನಗಳಲ್ಲಿ ಇಲ್ಲವೆಂದು ಅದನ್ನು ಅವರು ಬದಿಗಿಟ್ಟಿದ್ದಾರೆ. ಈ ಹೊಂದಾಣಿಕೆಯ ನಿಯಮವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಕುಮಟೆಯ ಮಾಸ್ತರ

ತಮ್ಮಾ, ಮೊದಲು ನಿಮ್ಮ ಭಾವನವರ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. 582671ಕ್ಕೆ ಮೊದಲ ಬಹುಮಾನದ ಲೆಕ್ಕದಲ್ಲಿ ಏನೂ ಇಲ್ಲ, ಸಮಾಧಾನಕರ ಬಹುಮಾನವೂ ಇಲ್ಲ. ನೆಂಟರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಜಾತಿಯ ಲಾಟರಿಯ ಮಾತು.

ಲಾಟರಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸಂಖ್ಯೆಯನ್ನು ಮೊದಲೇ ಅಚ್ಚು ಹಾಕಿ ಮಾರುತ್ತಾರೆ, ಕೊಳ್ಳುವವನು ಇದ್ದುದರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಕೇರಳದ್ದು ಈ ಬಗೆಯದು. ಇನ್ನೊಂದರಲ್ಲಿ 49 ಅಥವಾ 69ರಂತಹ ಒಂದು ಮಿತಿಯೊಳಗಿನ ಕೆಲವು ಸಂಖ್ಯೆಗಳನ್ನು ಆಡುವವನೇ ಗುರುತು ಮಾಡಿ ಕೊಡುತ್ತಾನೆ, ಡ್ರಾದಲ್ಲಿ ಚೆಂಡುಗಳು ಹೊರಬೀಳುತ್ತವೆ. ಅಲ್ಲಿ 7 ಎಂಬ ಚೆಂಡು ಮೊದಲು ಬಂದರೂ ಕೊನೆಗೆ ಬಂದರೂ ಅದು 7ರ ಚೆಂಡೇ, ಆದ್ದರಿಂದ ಕ್ರಮದ ಹಂಗಿಲ್ಲ. ಅಚ್ಚಾದ ಟಿಕೆಟ್‌ನಲ್ಲಿ ಹಾಗಲ್ಲ. ಅಲ್ಲಿ ಲಕ್ಷದ ಸ್ಥಾನಕ್ಕೊಂದು, ಹತ್ತು ಸಾವಿರದ ಸ್ಥಾನಕ್ಕೊಂದು ಎಂದು ಪ್ರತಿ ಸ್ಥಾನದ ಅಂಕೆಯನ್ನೂ ಯಂತ್ರದ ಚಕ್ರಗಳು ಬೇರೆ ಬೇರೆಯಾಗಿ ನಿರ್ಧರಿಸುತ್ತವೆ. ಸ್ಥಾನ ತಪ್ಪಿದರೆ ಸಂಖ್ಯೆಯೇ ಬೇರೆ.

ಸ್ವಲ್ಪ ಎಣಿಕೆ ಮಾಡೋಣ. ಕೇರಳದ ವಾರದ ಲಾಟರಿಯಲ್ಲಿ 12 ಸರಣಿಗಳು (ಸಂಖ್ಯೆಗೆ ಮೊದಲು ಅಚ್ಚಾದ ಅಕ್ಷರಗಳಿಂದ ಗುರುತಿಸುವ ಗುಂಪುಗಳು), ಪ್ರತಿ ಸರಣಿಯಲ್ಲಿ 100000ದಿಂದ 999999ರವರೆಗೆ 9 ಲಕ್ಷ ಸಂಖ್ಯೆಗಳು, ಒಟ್ಟು 108 ಲಕ್ಷ ಟಿಕೆಟ್‌ಗಳು. ನೀವು ಕೊಟ್ಟ 582617ರ ಆರು ಅಂಕೆಗಳೂ ಬೇರೆ ಬೇರೆ, ಸೊನ್ನೆಯೂ ಇಲ್ಲ. ಆದ್ದರಿಂದ ಅವನ್ನು 720 ರೀತಿಯಲ್ಲಿ ಜೋಡಿಸಬಹುದು. ಸರಿಯಾದ ಒಂದನ್ನು ಬಿಟ್ಟರೆ 719, ಹನ್ನೆರಡು ಸರಣಿಗೆ 8,628. ಅಂದರೆ ‘ಅಂಕೆಗಳೆಲ್ಲ ಬಂದವು, ಕ್ರಮ ಮಾತ್ರ ತಪ್ಪಿತು’ ಎಂದು ಹೇಳಬಹುದಾದ ಟಿಕೆಟ್‌ಗಳು ಅದೇ ಡ್ರಾದಲ್ಲಿ ಎಂಟೂವರೆ ಸಾವಿರಕ್ಕಿಂತ ಹೆಚ್ಚು. ‘ಒಂದೇ ಅಂಕೆ ತಪ್ಪಿತು’ ಎಂದು ಹಣೆ ಚಚ್ಚಿಕೊಳ್ಳಬಹುದಾದ ಟಿಕೆಟ್‌ಗಳು ಸರಣಿಗೆ 53ರಂತೆ ಒಟ್ಟು 636. ನಿಮ್ಮ ಭಾವನವರಿಗೆ ಬೇಸರವಾಗದಿರಲಿ, ಆದರೆ ಅವರಂತಹವರ ದಂಡೇ ಇದೆ.

ಕೋಡಿಬಾಗದವ (ಕಾರವಾರ)

ಮಾಸ್ತರರೇ, ಲೆಕ್ಕ ತಿಳಿಯಿತು. ಭಾವನವರಿಗೆ ಓದಿ ಹೇಳಿದೆ. ‘ಹಾಗಾದರೆ ಸಮಾಧಾನಕರ ಬಹುಮಾನ ಯಾರಿಗೆ ಕೊಡುತ್ತಾರೆ, ನನ್ನಂತಹವರಿಗಲ್ಲವೇ’ ಎಂದು ಅವರು ಕೇಳುತ್ತಿದ್ದಾರೆ.

ಅಂಕೋಲೆಯ ಅಕ್ಕೋರು

ಆ ಬಹುಮಾನಕ್ಕೂ ‘ಹತ್ತಿರ’ಕ್ಕೂ ಸಂಬಂಧವಿಲ್ಲ. ಮೊದಲ ಬಹುಮಾನ ಒಂದು ಸರಣಿಯ ಒಂದು ಸಂಖ್ಯೆಗೆ ಬರುತ್ತದೆ. ಅದೇ ಆರಂಕಿ ಸಂಖ್ಯೆ ಉಳಿದ ಹನ್ನೊಂದು ಸರಣಿಗಳಲ್ಲಿಯೂ ಇರುತ್ತದಲ್ಲವೇ? ಆ ಹನ್ನೊಂದು ಟಿಕೆಟ್‌ಗಳಿಗೆ ಸಮಾಧಾನಕರ ಬಹುಮಾನ. ಅಂದರೆ ಅಂಕೆ ಪೂರ್ತಿ ಹೊಂದಿ, ಅದಕ್ಕೆ ಮೊದಲು ಬರುವ ಸರಣಿಯ ಅಕ್ಷರ ಮಾತ್ರ ಬೇರೆಯಾಗಿರಬೇಕು. ಓಣಂ ಸಮಯದ ವಿಶೇಷ ಲಾಟರಿಯಾದ ತಿರುವೋಣಂ ಬಂಪರಿನಲ್ಲಿಯೂ ಇದೇ ಕ್ರಮ, ಸರಣಿಗಳ ಎಣಿಕೆ ಮಾತ್ರ ಬೇರೆ.

ನಿಮ್ಮ ಭಾವನವರು ಬದಿಗಿಟ್ಟಿರುವ ಎರಡನೆಯ ಟಿಕೆಟ್‌ನ ವಿಷಯ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ. ಪಟ್ಟಿಯ ಮೇಲ್ಭಾಗದ ಮೂರು ಬಹುಮಾನಗಳಿಗೆ ಮಾತ್ರ ಪೂರ್ಣ ಸಂಖ್ಯೆ ಬೇಕು. ಅದರ ಕೆಳಗೆ 5,000 ರೂಪಾಯಿಯಿಂದ ಕೆಲವು ನೂರು ರೂಪಾಯಿಗಳವರೆಗಿನ ಬಹುಮಾನಗಳಿಗೆ ಕೊನೆಯ ನಾಲ್ಕು ಅಂಕೆ ಹೊಂದಿದರೆ ಸಾಕು, ಸರಣಿ ಯಾವುದಾದರೂ ಆಗಬಹುದು. ಆದ್ದರಿಂದಲೇ ಪಟ್ಟಿಯ ಕೆಳಭಾಗದಲ್ಲಿ ನಾಲ್ಕಂಕೆಯ ಸಂಖ್ಯೆಗಳು ಸಾಲುಸಾಲಾಗಿ ತುಂಬಿರುತ್ತವೆ. ಹೆಚ್ಚಿನವರು ಮೇಲಿನದನ್ನು ನೋಡಿ ಟಿಕೆಟ್ ಹರಿದು ಹಾಕುತ್ತಾರೆ.

ಕುಮಟೆಯ ಮಾಸ್ತರ

ಅಕ್ಕೋರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯಾವುದೇ ನಾಲ್ಕಂಕೆಯಲ್ಲಿ ಕೊನೆಗೊಳ್ಳುವ ಸಂಖ್ಯೆಗಳು ಒಂದು ಸರಣಿಯಲ್ಲಿ 90, ಹನ್ನೆರಡು ಸರಣಿಗಳಲ್ಲಿ 1,080. ಹಾಗಾಗಿ ಪಟ್ಟಿಯಲ್ಲಿ 5,000 ರೂಪಾಯಿಯ ಎದುರು ಒಂದೇ ಒಂದು ನಾಲ್ಕಂಕಿ ಕಂಡರೂ ಅದರ ಹಿಂದೆ 1,080 ಟಿಕೆಟ್‌ಗಳಿರುತ್ತವೆ. ‘ಲಕ್ಷಾಂತರ ಬಹುಮಾನಗಳು’ ಎಂಬ ಜಾಹೀರಾತು ಸುಳ್ಳಲ್ಲದಿರುವುದು ಈ ಕಾರಣದಿಂದ. ಪಟ್ಟಿಯಲ್ಲಿ ನಾಲ್ಕಂಕೆಯ ಮುನ್ನೂರು ಸಂಖ್ಯೆಗಳಿವೆ ಎಂದುಕೊಂಡರೆ ಒಂದು ಟಿಕೆಟ್‌ಗೆ ಏನಾದರೊಂದು ಬರುವ ಸಂಭವ ಹತ್ತು ಸಾವಿರಕ್ಕೆ ಮುನ್ನೂರು, ಅಂದರೆ ನೂರಕ್ಕೆ ಮೂರು. ಮೊದಲ ಬಹುಮಾನದ ಸಂಭವ 108 ಲಕ್ಷಕ್ಕೆ ಒಂದು. ಒಂದೇ ಟಿಕೆಟ್‌ನಲ್ಲಿ ಇವೆರಡೂ ಜೊತೆಯಾಗಿ ಕುಳಿತಿರುವುದರಿಂದ, ಆಗೊಮ್ಮೆ ಈಗೊಮ್ಮೆ ನೂರು ರೂಪಾಯಿ ಗೆದ್ದವನಿಗೆ ಕೋಟಿಯೂ ಅದೇ ದಾರಿಯಲ್ಲಿ ಬರುತ್ತಿದೆ ಎನ್ನಿಸುತ್ತದೆ.

ಹೊನ್ನಾವರ ಬಂದರು

ಮಾಸ್ತರರ ಗಣಿತಕ್ಕೆ ನನ್ನ ಗೌರವವಿದೆ. ಆದರೆ ಅನುಭವ ಎಂಬುದೂ ಒಂದಿದೆ. 2007ಕ್ಕೆ ಮೊದಲು ನಮ್ಮಲ್ಲಿಯೂ ಟಿಕೆಟ್ ಮಾರುತ್ತಿದ್ದ ಕಾಲದಲ್ಲಿ, ಹಿಂದಿನ ಫಲಿತಾಂಶಗಳ ಚಾರ್ಟ್ ಇಟ್ಟುಕೊಂಡು ಯಾವ ಅಂಕೆ ಬಹಳ ದಿನಗಳಿಂದ ಬಂದಿಲ್ಲವೋ ಅದನ್ನೇ ಹುಡುಕಿ ಕೊಳ್ಳುವವರು ಬಸ್ ನಿಲ್ದಾಣದ ಅಂಗಡಿಯಲ್ಲಿ ಸಾಕಷ್ಟು ಜನ ಇದ್ದರು. ಅವರಲ್ಲಿ ಕೆಲವರಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಅಂಕೆ ಬಹಳ ಕಾಲ ಬರದೇ ಇದ್ದರೆ ಅದರ ಸರದಿ ಬರಲೇಬೇಕಲ್ಲವೇ?

ಕುಮಟೆಯ ಮಾಸ್ತರ

ಚೆಂಡಿಗಾಗಲಿ ಚಕ್ರಕ್ಕಾಗಲಿ ನೆನಪಿನ ಶಕ್ತಿ ಇಲ್ಲ, ಬಂದರಿನವರೇ. 2009ರ ಸೆಪ್ಟೆಂಬರ್ 6ರಂದು ಬಲ್ಗೇರಿಯಾದ ಲಾಟರಿಯಲ್ಲಿ 4, 15, 23, 24, 35, 42 ಎಂಬ ಆರು ಸಂಖ್ಯೆಗಳು ಬಂದವು. ನಾಲ್ಕು ದಿನಗಳ ನಂತರ, ಮುಂದಿನ ಡ್ರಾದಲ್ಲಿಯೇ, ಅವೇ ಆರು ಸಂಖ್ಯೆಗಳು ಬೇರೊಂದು ಕ್ರಮದಲ್ಲಿ ಮತ್ತೆ ಬಂದವು. ಅಲ್ಲಿನ ಸರ್ಕಾರ ತನಿಖೆ ಮಾಡಿಸಿತು, ಮೋಸದ ಕುರುಹು ಸಿಗಲಿಲ್ಲ. ‘ಈಗಷ್ಟೇ ಬಂದುಹೋಗಿದೆ, ಇನ್ನು ಬಾರದು’ ಎಂದು ಆ ಆರನ್ನು ಬಿಟ್ಟವರ ಲೆಕ್ಕಾಚಾರ ಅಂದು ಏನಾಯಿತು ಎಂದು ಯೋಚಿಸಿ. ಚಾರ್ಟ್ ಇಟ್ಟವರಲ್ಲಿ ಕೆಲವರಿಗೆ ಬಂದದ್ದು ನಿಜವಿರಬಹುದು, ಚಾರ್ಟ್ ಇಡದವರಲ್ಲಿ ಕೆಲವರಿಗೂ ಬಂದಿರುತ್ತದೆ.

ಹೊನ್ನಾವರ ಬಂದರು

ಯಂತ್ರ ನೇರವಾಗಿದ್ದರೆ ತಾನೇ ಈ ಮಾತು? 1980ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 4 ಮತ್ತು 6ನ್ನು ಬಿಟ್ಟು ಉಳಿದ ಚೆಂಡುಗಳಿಗೆ ಬಣ್ಣ ತುಂಬಿ ಭಾರ ಮಾಡಿ, 666 ಬರುವಂತೆ ಮಾಡಿದ್ದರು. ಚಾರ್ಟ್ ಇಡುವವನು ಹುಡುಕುವುದು ಇಂತಹ ಓರೆಯನ್ನೇ.

ಕುಮಟೆಯ ಮಾಸ್ತರ

ಆ ಪ್ರಕರಣ ನಿಜ. ಅದು ಸಿಕ್ಕಿಬಿದ್ದದ್ದು ಯಾರದೋ ಚಾರ್ಟಿನಿಂದಲ್ಲ; ಒಳಗಿನವರು 4 ಮತ್ತು 6 ಮಾತ್ರ ಸೇರಿದ ಎಂಟು ಸಂಖ್ಯೆಗಳ ಮೇಲೆ ಅಸಹಜವಾಗಿ ಹೆಚ್ಚು ಹಣ ಹಾಕಿದ್ದರಿಂದ. ಗಣಕಯಂತ್ರದಿಂದ ಸಂಖ್ಯೆ ತೆಗೆಯುವಲ್ಲಿಯೂ ಇಂತಹದು ನಡೆದಿದೆ. ಅಮೆರಿಕದ ಬಹುರಾಜ್ಯ ಲಾಟರಿ ಸಂಘದ ಭದ್ರತಾ ಮುಖ್ಯಸ್ಥನೇ ತಂತ್ರಾಂಶಕ್ಕೆ ಕೈ ಹಾಕಿ ಸಿಕ್ಕಿಬಿದ್ದು 2015ರಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. ಡ್ರಾ ಬಹಿರಂಗವಾಗಿ, ಸರ್ಕಾರದಿಂದ ಹೊರಗಿನವರೂ ಇರುವ ತೀರ್ಪುಗಾರರ ಮುಂದೆ ನಡೆಯಬೇಕು ಎನ್ನುವುದು ಇದಕ್ಕೇ. ತಿರುವನಂತಪುರದ ಗೋರ್ಕಿ ಭವನದಲ್ಲಿ ನಡೆಯುವ ಡ್ರಾವನ್ನು ಯಾರು ಬೇಕಾದರೂ ನೋಡಬಹುದು.

ಭಟ್ಕಳ–ದುಬೈ

ಕೋಡಿಬಾಗದವರ ನೆಂಟರು ಹೇಳಿದ ಬಗೆಯನ್ನು ನಾನು ಇಲ್ಲಿ ದಿನವೂ ನೋಡುತ್ತಿರುವುದರಿಂದ ಬರೆಯುತ್ತಿದ್ದೇನೆ. ಯುಎಇ ಲಾಟರಿ 2024ರ ಕೊನೆಯಲ್ಲಿ ಆರಂಭವಾದಾಗ ಅದರ ಮುಖ್ಯ ಆಟದಲ್ಲಿ 1ರಿಂದ 31ರವರೆಗಿನ ಆರು ‘ದಿನ’ಗಳನ್ನೂ 1ರಿಂದ 12ರವರೆಗಿನ ಒಂದು ‘ತಿಂಗಳ’ನ್ನೂ ಆರಿಸಬೇಕಿತ್ತು. ಟಿಕೆಟ್‌ಗೆ 50 ದಿರ್ಹಮ್, ಮೊದಲ ಬಹುಮಾನ 10 ಕೋಟಿ ದಿರ್ಹಮ್. ಆರು ದಿನಗಳು ಯಾವ ಕ್ರಮದಲ್ಲಿಯಾದರೂ ಹೊಂದಬಹುದು, ಆದರೆ ತಿಂಗಳು ಅದರದೇ ಮನೆಯಲ್ಲಿ ಹೊಂದಬೇಕು. ಇದಲ್ಲದೆ ಅಬುಧಾಬಿಯ ಬಿಗ್ ಟಿಕೆಟ್ ಇದೆ, ಅದು ಕೇರಳದ ಹಾಗೆ ಟಿಕೆಟ್‌ನ ಸಂಖ್ಯೆಯನ್ನೇ ಎತ್ತುವ ಬಗೆಯದು. ನಮ್ಮೂರಿನ ಹುಡುಗರು ಹತ್ತು ಜನ ಸೇರಿ ಒಂದು ಟಿಕೆಟ್ ಕೊಳ್ಳುವುದು ಈ ಬಿಗ್ ಟಿಕೆಟ್‌ನಲ್ಲೇ. ಮಾಸ್ತರರೇ, ದಿನ–ತಿಂಗಳ ಆಟದಲ್ಲಿ ಸಂಭವ ಎಷ್ಟು?

ಕುಮಟೆಯ ಮಾಸ್ತರ

31ರಲ್ಲಿ ಆರನ್ನು ಆರಿಸುವ ಬಗೆಗಳು 7,36,281. ಅದನ್ನು 12ರಿಂದ ಗುಣಿಸಿದರೆ 88,35,372. ಅಂದರೆ ಸುಮಾರು 88 ಲಕ್ಷಕ್ಕೆ ಒಂದು.

ಈ ಬಗೆಯ ಆಟದ ಮೈಕಟ್ಟು ತಿಳಿಯಲು ಹಳೆಯ ಮಾದರಿಯಾದ ‘49ರಲ್ಲಿ 6’ನ್ನು ತೆಗೆದುಕೊಳ್ಳುವುದು ಸುಲಭ. ಒಟ್ಟು ಬಗೆಗಳು 1,39,83,816. ಇವುಗಳಲ್ಲಿ ಒಂದೂ ಹೊಂದದವು 60,96,454. ಒಂದೇ ಹೊಂದುವವು 57,75,588. ಈ ಎರಡೇ ಸೇರಿ ನೂರಕ್ಕೆ ಸುಮಾರು 85. ಮೂರು ಹೊಂದುವ ಸಂಭವ 57ಕ್ಕೆ ಒಂದು, ನಾಲ್ಕು ಹೊಂದುವುದು 1,032ಕ್ಕೆ ಒಂದು, ಐದು ಹೊಂದುವುದು 54,201ಕ್ಕೆ ಒಂದು, ಆರು ಹೊಂದುವುದು ಸುಮಾರು 1.4 ಕೋಟಿಗೆ ಒಂದು. ಐದರಿಂದ ಆರಕ್ಕೆ ಒಂದೇ ಮೆಟ್ಟಿಲು ಎಂದು ಕಾಣುತ್ತದೆ, ಆದರೆ ಆ ಒಂದು ಮೆಟ್ಟಿಲು 258 ಪಟ್ಟು ಎತ್ತರ. ನಾಲ್ಕು ಅಥವಾ ಐದು ಹೊಂದಿದವನು ‘ಇನ್ನೊಂದು ಬಂದಿದ್ದರೆ’ ಎಂದು ಕೊರಗುವುದು ಸಹಜ, ಆದರೆ ಅವನು ಎಲ್ಲಿಯೂ ಹತ್ತಿರ ಇರಲಿಲ್ಲ.

ಇನ್ನೊಂದು ಸೂಕ್ಷ್ಮ. ಅಮೆರಿಕದ ಪವರ್‌ಬಾಲ್‌ನಲ್ಲಿ 69ರಲ್ಲಿ ಐದು ಬಿಳಿ ಚೆಂಡು, 26ರಲ್ಲಿ ಒಂದು ಕೆಂಪು ಚೆಂಡು. ಕೆಂಪು ಚೆಂಡೊಂದೇ ಹೊಂದಿದರೆ 4 ಡಾಲರ್. ಹಾಗಿದ್ದರೆ ಸಂಭವ 26ಕ್ಕೆ ಒಂದು ಇರಬೇಕಲ್ಲ, ಪ್ರಕಟಿತ ಪಟ್ಟಿಯಲ್ಲಿ 38.32ಕ್ಕೆ ಒಂದು ಎಂದೇಕಿದೆ? ಮೇಷ್ಟರಾಗಿದ್ದವನಿಗೆ ಪರೀಕ್ಷೆ ಕೊಡುವ ಚಟ ಹೋಗುವುದಿಲ್ಲ, ಯಾರಾದರೂ ಉತ್ತರಿಸಿ.

ಶಿರಸಿ ಸೀಮೆ

ಮಾಸ್ತರರೇ, ಕೆಂಪು ಚೆಂಡು ‘ಮಾತ್ರ’ ಹೊಂದಬೇಕು ಎನ್ನುವುದರಲ್ಲಿ ಉತ್ತರವಿದೆ. ಕೆಂಪಿನ ಜೊತೆಗೆ ಬಿಳಿಯದೊಂದು ಹೊಂದಿದರೂ ಅದು ಬೇರೆ ಸಾಲಿಗೆ ಹೋಗುತ್ತದೆ. ಐದು ಬಿಳಿಗಳಲ್ಲಿ ಒಂದೂ ಹೊಂದದಿರುವ ಸಂಭವ ನೂರಕ್ಕೆ 68ರಷ್ಟು. ಅದನ್ನು 26ರಲ್ಲಿ ಒಂದರಿಂದ ಗುಣಿಸಿದರೆ 38ಕ್ಕೆ ಒಂದು ಬರುತ್ತದೆ.

ಕುಮಟೆಯ ಮಾಸ್ತರ

ಸರಿಯಾಗಿದೆ. ಒಬ್ಬ ಟಿಕೆಟ್‌ದಾರನಿಗೆ ಅವನು ತಲುಪಿದ ಅತಿ ಎತ್ತರದ ಸಾಲಿನ ಬಹುಮಾನ ಮಾತ್ರ, ಕೆಳಗಿನವು ಸೇರುವುದಿಲ್ಲ. ಅಂದ ಹಾಗೆ ಪವರ್‌ಬಾಲ್‌ನ ಜಾಕ್‌ಪಾಟ್‌ಗೆ ಸಂಭವ 29,22,01,338ಕ್ಕೆ ಒಂದು. ಮಾರಾಟದ ಅರ್ಧದಷ್ಟು ಹಣ ಮಾತ್ರ ಬಹುಮಾನದ ನಿಧಿಗೆ ಹೋಗುತ್ತದೆ.

ಭಟ್ಕಳ–ದುಬೈ

ಇಬ್ಬರಿಗೆ ಒಂದೇ ಸಂಖ್ಯೆ ಬಂದರೆ ಏನಾಗುತ್ತದೆ? ಅಚ್ಚಾದ ಟಿಕೆಟ್‌ನಲ್ಲಿ ಆ ಪ್ರಶ್ನೆಯೇ ಇಲ್ಲ, ಆದರೆ ನಾವೇ ಆರಿಸುವಲ್ಲಿ ಅದು ಸಾಧ್ಯವಿದೆ.

ಕುಮಟೆಯ ಮಾಸ್ತರ

ಇದು ಈ ಚರ್ಚೆಯಲ್ಲಿಯೇ ಒಳ್ಳೆಯ ಪ್ರಶ್ನೆ. ಬಹುಮಾನಗಳಲ್ಲಿ ನಿಗದಿತ ಮೊತ್ತದವು, ಹಂಚಿಕೊಳ್ಳುವವು ಎಂದು ಎರಡು ವಿಧ. ಜಾಕ್‌ಪಾಟ್ ಸಾಮಾನ್ಯವಾಗಿ ಎರಡನೆಯ ವಿಧದ್ದು. ಕಾರವಾರದ ಕಡಲಿನಲ್ಲಿ ರಂಪಣಿ ಬಲೆ ಎಳೆದವರು ಬಿದ್ದ ಮೀನನ್ನು ಪಾಲು ಮಾಡಿಕೊಳ್ಳುವ ಹಾಗೆ, ಕೈ ಹೆಚ್ಚಾದಷ್ಟೂ ಪಾಲು ಸಣ್ಣದು.

ಎರಡಕ್ಕೂ ಒಂದೊಂದು ನಿಜ ಉದಾಹರಣೆ ಇದೆ. 2005ರ ಮಾರ್ಚ್ 30ರ ಪವರ್‌ಬಾಲ್‌ನಲ್ಲಿ ನಾಲ್ಕೈದು ಜನರಿಗೆ ಬರಬಹುದಾಗಿದ್ದ ಎರಡನೆಯ ಬಹುಮಾನ 110 ಜನರಿಗೆ ಬಂತು. ಅಧಿಕಾರಿಗಳು ಮೊದಲು ಮೋಸವೆಂದೇ ಸಂಶಯಪಟ್ಟರು. ವಿಚಾರಿಸಿದರೆ, ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವ ಬಿಸ್ಕತ್ತಿನೊಳಗಿನ ಭವಿಷ್ಯದ ಚೀಟಿಯಲ್ಲಿ ಮುದ್ರಿಸಿದ್ದ 22, 28, 32, 33, 39 ಎಂಬ ಸಂಖ್ಯೆಗಳನ್ನೇ ಎಲ್ಲರೂ ಹಾಕಿದ್ದರು. ಅದು ನಿಗದಿತ ಮೊತ್ತದ ಬಹುಮಾನವಾದ್ದರಿಂದ ಎಲ್ಲರಿಗೂ ಪೂರ್ತಿ ಹಣ ಸಿಕ್ಕಿತು: 89 ಜನರಿಗೆ ತಲಾ 1 ಲಕ್ಷ ಡಾಲರ್, ಹೆಚ್ಚಿನ ಶುಲ್ಕ ಕೊಟ್ಟಿದ್ದ 21 ಜನರಿಗೆ ತಲಾ 5 ಲಕ್ಷ ಡಾಲರ್. ನಷ್ಟ ಲಾಟರಿಯವರದ್ದು. ಇನ್ನೊಂದು, 2022ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನಲ್ಲಿ ನಡೆದದ್ದು. ‘55ರಲ್ಲಿ 6’ ಆಟದಲ್ಲಿ 9, 18, 27, 36, 45, 54 ಬಂದವು, ಒಂಬತ್ತರ ಮಗ್ಗಿ. ಜಾಕ್‌ಪಾಟ್ ಗೆದ್ದವರು 433 ಜನ. ಸುಮಾರು 23.6 ಕೋಟಿ ಪೆಸೊ ಹಂಚಿಹೋಗಿ ತಲಾ 5.45 ಲಕ್ಷ ಪೆಸೊ ಉಳಿಯಿತು. ಅಲ್ಲಿ ನಷ್ಟ ಗೆದ್ದವರದ್ದು.

ಆದ್ದರಿಂದ ಸಂಖ್ಯೆ ಆರಿಸುವುದರಲ್ಲಿ ಜಾಣತನಕ್ಕೆ ಇರುವ ಜಾಗ ಇಷ್ಟೇ. ಯಾವ ಆರು ಸಂಖ್ಯೆಗಳನ್ನು ಹಾಕಿದರೂ ಗೆಲ್ಲುವ ಸಂಭವ ಒಂದೇ, ಆದರೆ ಎಲ್ಲರೂ ಹಾಕುವಂತಹ ಜನ್ಮದಿನ, ಮಗ್ಗಿ, ಚೀಟಿಯಲ್ಲಿ ನೇರ ಗೆರೆ ಬೀಳುವ ಅಂಕೆಗಳನ್ನು ಬಿಟ್ಟರೆ ಗೆದ್ದಾಗ ಪಾಲುದಾರರು ಕಡಿಮೆ. ಬಂದರಿನವರು ಚಾರ್ಟ್ ಇಡುವುದೇ ಆದರೆ ಬಂದ ಸಂಖ್ಯೆಗಳದ್ದಲ್ಲ, ಜನ ಹಾಕುವ ಸಂಖ್ಯೆಗಳದ್ದು ಇಡಬೇಕು.

ಹೊನ್ನಾವರ ಬಂದರು

ನಾನು ನನ್ನ ಚಾರ್ಟ್ ಬಿಡುವುದಿಲ್ಲ, ಮಾಸ್ತರರೇ. ಆದರೆ ಮಗ್ಗಿಯ ಕತೆ ಚೆನ್ನಾಗಿದೆ.

ಮಾಜಾಳಿ ನಾಕೆ

ಕಾನೂನಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಮ್ಮ ಚೆಕ್‌ಪೋಸ್ಟ್ ದಾಟಿ ಗೋವಾಕ್ಕೆ ಕಾಲಿಟ್ಟರೆ ಲಾಟರಿ ಮಾರುವುದು ಕಾನೂನುಬದ್ಧ, ಈ ಕಡೆ ಕರ್ನಾಟಕದಲ್ಲಿ ನಿಷಿದ್ಧ. 1998ರ ಲಾಟರಿ ನಿಯಂತ್ರಣ ಕಾಯ್ದೆಯ 5ನೆಯ ಕಲಮು ಬೇರೆ ರಾಜ್ಯಗಳ ಟಿಕೆಟ್ ಮಾರಾಟವನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ಆದರೆ ತಾನೇ ಲಾಟರಿ ನಡೆಸುತ್ತ ಇತರರದ್ದನ್ನು ಮಾತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕ 2007ರಲ್ಲಿ ತನ್ನ ಲಾಟರಿಯನ್ನೂ ಸೇರಿಸಿ ಎಲ್ಲವನ್ನೂ ನಿಲ್ಲಿಸಿತು.

ಅದೇ ಕಾಯ್ದೆಯ 4ನೆಯ ಕಲಮಿನಲ್ಲಿ ಹೊಂದಾಣಿಕೆಗೆ ಸಂಬಂಧಿಸಿದ ಮಾತೊಂದಿದೆ: ಒಂದೇ ಅಂಕೆಯ ಆಧಾರದ ಮೇಲೆ ಬಹುಮಾನ ಕೊಡುವಂತಿಲ್ಲ. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರುವಂತಿಲ್ಲ ಎಂದೂ ಇದೆ. ಕೇರಳದಲ್ಲಿ ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಹೆಸರಿನ ಲಾಟರಿ ಇರುವುದು ಈ ಕಲಮಿನೊಂದಿಗೆ ಹೊಂದುತ್ತದೆ. ಒಂದಂಕೆಯ ಆಟ ಎಂದರೆ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಓಸಿ, ಅಂದರೆ ಮಟ್ಕಾ ಜೂಜು. ಅಲ್ಲಿ ಒಂದಂಕೆಗೆ ಒಂಬತ್ತು ಪಟ್ಟು, ಜೋಡಿಗೆ ತೊಂಬತ್ತು ಪಟ್ಟು ಎನ್ನುವುದು ಸಾಮಾನ್ಯ ದರ. ಕಾಗದದ ಮೇಲೆ ಅದು ಪವರ್‌ಬಾಲ್‌ಗಿಂತ ಉದಾರವಾಗಿ ಕಾಣುತ್ತದೆ. ಆದರೆ ಅಂಕೆ ಎಲ್ಲಿ, ಯಾರ ಎದುರಿಗೆ ತೆಗೆದರು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಚೀಟಿ ಬರೆದುಕೊಂಡವನು ಹಣ ಕೊಡದಿದ್ದರೆ ದೂರು ಕೊಡಲು ಜಾಗವಿಲ್ಲ, ಆಡಿದವನ ಮೇಲೆಯೇ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಪ್ರಕರಣವಾಗುತ್ತದೆ.

ಶಿರಸಿ ಸೀಮೆ

ನನ್ನದು ತೆರಿಗೆ ಸಲಹೆಯ ವೃತ್ತಿ, ಆದ್ದರಿಂದ ಪಟ್ಟಿಯಲ್ಲಿ ಕಾಣುವ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಇರುವ ಅಂತರವನ್ನು ಹೇಳುತ್ತೇನೆ. 10,000 ರೂಪಾಯಿ ಮೀರಿದ ಲಾಟರಿ ಬಹುಮಾನಕ್ಕೆ ಕೊಡುವಾಗಲೇ 30 ಶೇಕಡಾ ತೆರಿಗೆ ಕಡಿತವಾಗುತ್ತದೆ. ಇತರ ಆದಾಯಕ್ಕಿರುವ ವಿನಾಯಿತಿಯ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ, ಬಾರದೇ ಹೋದ ಹಳೆಯ ಟಿಕೆಟ್‌ಗಳ ಖರ್ಚನ್ನು ಕಳೆಯುವಂತಿಲ್ಲ. 2022ರ ತಿರುವೋಣಂ ಬಂಪರಿನ ಮೊದಲ ಬಹುಮಾನ 25 ಕೋಟಿ ರೂಪಾಯಿ ಆಗಿತ್ತು. ಅದರಲ್ಲಿ ಟಿಕೆಟ್ ಮಾರಿದ ಏಜೆಂಟರ ಪಾಲು 10 ಶೇಕಡಾ, ಅಂದರೆ 2.5 ಕೋಟಿ. ಉಳಿದ 22.5 ಕೋಟಿಗೆ 30 ಶೇಕಡಾ ತೆರಿಗೆ 6.75 ಕೋಟಿ. ಉಳಿದದ್ದು 15.75 ಕೋಟಿ. ಇಷ್ಟಕ್ಕೇ ಮುಗಿಯುವುದಿಲ್ಲ, ಇಷ್ಟು ದೊಡ್ಡ ಆದಾಯದ ಮೇಲಿನ ಸರ್ಚಾರ್ಜ್ ಮತ್ತು 4 ಶೇಕಡಾ ಸೆಸ್ಸನ್ನು ಗೆದ್ದವರೇ ರಿಟರ್ನ್ ಸಲ್ಲಿಸುವಾಗ ಕಟ್ಟಬೇಕು. ಬಂದ ಹಣವೆಲ್ಲ ತನ್ನದೆಂದು ತೋಟ, ಮನೆ ಎಂದು ಮುಂಗಡ ಕೊಟ್ಟವರು ಜುಲೈ ತಿಂಗಳಲ್ಲಿ ಕಂಗಾಲಾಗುವುದು ಇಲ್ಲಿಯೇ.

ಟಿಕೆಟ್‌ನ ಬೆಲೆಯಲ್ಲಿಯೂ ತೆರಿಗೆ ಅಡಗಿದೆ. ಲಾಟರಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 40 ಶೇಕಡಾ. ಮುಖಬೆಲೆಯೊಳಗೇ ತೆರಿಗೆ ಸೇರಿರುವುದರಿಂದ 50 ರೂಪಾಯಿಯ ಟಿಕೆಟ್‌ನಲ್ಲಿ 14 ರೂಪಾಯಿ ಚಿಲ್ಲರೆ ಡ್ರಾಕ್ಕೆ ಮೊದಲೇ ಹೋಗಿರುತ್ತದೆ.

ಕೋಡಿಬಾಗದವ (ಕಾರವಾರ)

ಅಕ್ಕೋರೇ, ನೀವು ಹೇಳಿದ ಮೇಲೆ ಎರಡನೆಯ ಟಿಕೆಟ್ ಹುಡುಕಿ ತೆಗೆದು ಪಟ್ಟಿಯ ಕೆಳಭಾಗವನ್ನು ನೋಡಿದೆವು. ಕೊನೆಯ ನಾಲ್ಕು ಅಂಕೆ 200 ರೂಪಾಯಿಯ ಸಾಲಿನಲ್ಲಿದೆ! ಇದನ್ನು ಕಾರವಾರದಲ್ಲಿ ಕುಳಿತು ಪಡೆಯಲು ದಾರಿ ಇದೆಯೇ? ಮೊಬೈಲಿನಲ್ಲಿ ಕೇರಳ ಲಾಟರಿಯ ಹೆಸರಿನ ಆ್ಯಪ್ ಒಂದರಲ್ಲಿ ಟಿಕೆಟ್‌ನ ಚಿತ್ರ ಹಾಕಿದರೆ ಹಣ ಬರುತ್ತದೆ ಎಂದು ತೋರಿಸುತ್ತಿದೆ.

ಅಂಕೋಲೆಯ ಅಕ್ಕೋರು

ಆ ಆ್ಯಪನ್ನು ಈಗಲೇ ತೆಗೆದುಹಾಕಿ. ಕೇರಳ ಸರ್ಕಾರದ ಲಾಟರಿ ಕಾಗದದ ಟಿಕೆಟ್‌ನ ರೂಪದಲ್ಲಿ ಮಾತ್ರ ಇದೆ, ಅದಕ್ಕೆ ಆನ್‌ಲೈನ್ ಮಾರಾಟವಿಲ್ಲ. ಅದರ ಹೆಸರಿನಲ್ಲಿ ಬರುವ ಆ್ಯಪ್‌ಗಳು, ‘ನಿಮಗೆ 25 ಲಕ್ಷ ಬಂದಿದೆ, ತೆರಿಗೆಗೆಂದು ಮೊದಲು ಹತ್ತು ಸಾವಿರ ಕಳಿಸಿ’ ಎನ್ನುವ ವಾಟ್ಸಾಪ್ ಸಂದೇಶಗಳು ಎಲ್ಲವೂ ವಂಚನೆ. ಸೀಮೆಯವರು ಹೇಳಿದಂತೆ ತೆರಿಗೆಯನ್ನು ಬಹುಮಾನದಿಂದ ಮುರಿದುಕೊಳ್ಳುತ್ತಾರೆಯೇ ಹೊರತು ಮುಂಗಡವಾಗಿ ಕೇಳುವುದಿಲ್ಲ. ಟಿಕೆಟ್‌ನ ಸ್ಪಷ್ಟ ಚಿತ್ರವನ್ನು ಎಲ್ಲಿಯೂ ಹಾಕಬೇಡಿ.

5,000 ರೂಪಾಯಿವರೆಗಿನ ಬಹುಮಾನವನ್ನು ಕೇರಳದ ಯಾವುದೇ ಲಾಟರಿ ಅಂಗಡಿಯಲ್ಲಿ ಪಡೆಯಬಹುದು. ಅದಕ್ಕಿಂತ ಹೆಚ್ಚಿನದಾದರೆ ಗುರುತಿನ ದಾಖಲೆಗಳೊಂದಿಗೆ ಬ್ಯಾಂಕಿಗೆ ಅಥವಾ ಸರ್ಕಾರಿ ಲಾಟರಿ ಕಚೇರಿಗೆ ಒಪ್ಪಿಸಬೇಕು, ಹೊರರಾಜ್ಯದವರಿಗೂ ಅಲ್ಲಿ ಕೊಡುತ್ತಾರೆ. 2024ರ ತಿರುವೋಣಂ ಬಂಪರಿನ 25 ಕೋಟಿ ಬಂದದ್ದು ಕರ್ನಾಟಕದವರಿಗೇ. ಯಾವುದಕ್ಕೂ ಮೊದಲು ಕೇರಳ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾದ ಫಲಿತಾಂಶದೊಂದಿಗೆ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಟಿಕೆಟ್ ಹರಿದಿರಬಾರದು, ಒದ್ದೆಯಾಗಿರಬಾರದು.

ಮಾಜಾಳಿ ನಾಕೆ

ಇನ್ನೂರು ರೂಪಾಯಿಗೆಂದು ಕಾಸರಗೋಡಿಗೆ ಹೋಗಿಬಂದರೆ ಊಟ–ಚಹಾದ ಖರ್ಚೇ ಅದನ್ನು ಮೀರುತ್ತದೆ.

ಕೋಡಿಬಾಗದವ (ಕಾರವಾರ)

ಭಾವನವರಿಗೆ ಹೇಗಿದ್ದರೂ ಅದೇ ಎಂಜಿನ್‌ನ ಕೆಲಸ ಬಾಕಿ ಇದೆಯಂತೆ, ನೇತ್ರಾವತಿ ರೈಲಿನಲ್ಲಿ ಹೋಗುವವರಿದ್ದಾರೆ. ಆ 200 ರೂಪಾಯಿಗೆ ಮತ್ತೆ ನಾಲ್ಕು ಟಿಕೆಟ್ ಕೊಳ್ಳುತ್ತೇನೆ ಎನ್ನುತ್ತಿದ್ದಾರೆ, ಅಕ್ಕ ಮಾತ್ರ ಒಪ್ಪುತ್ತಿಲ್ಲ. ಯಾವ ದಿನದೊಳಗೆ ಒಪ್ಪಿಸಬೇಕು ಎನ್ನುವುದೊಂದನ್ನು ಹೇಳಿದರೆ ಸಾಕು.

ಅಂಕೋಲೆಯ ಅಕ್ಕೋರು

ಡ್ರಾ ನಡೆದ ದಿನದಿಂದ 30 ದಿನಗಳ ಒಳಗೆ. ಟಿಕೆಟ್‌ನ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಲು ಜಾಗವಿದೆ, ರೈಲು ಹತ್ತುವ ಮೊದಲೇ ಭಾವನವರು ಅದನ್ನು ತುಂಬಿಕೊಳ್ಳಲಿ.